ಬಿದ್ದುಹೋಗುವ ಹಲ್ಲಿಗೆ 12 ಸಾವಿರವಾ?

ಪ್ರಶ್ನೆ: ಮಗನಿಗೆ ನಾಲ್ಕೂವರೆ ವರ್ಷ. ಕೆಳಗಿನ ಎರಡು ದವಡೆ ಹಲ್ಲು ಹುಳುಕಾಗಿವೆ, ರಾತ್ರಿ ನೋವು ಅಂತ ಎದ್ದು ಅಳುತ್ತಾನೆ. ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕು, 12 ಸಾವಿರ ಆಗುತ್ತದೆ ಅಂದರು ಡಾಕ್ಟರು. "ಹಾಲುಹಲ್ಲು ತಾನೇ, ಬಿದ್ದು ಹೊಸದು ಬರುತ್ತೆ, ಸುಮ್ನೆ ದುಡ್ಡು ದಂಡ" ಅಂತಾರೆ ಅತ್ತೆ. ಗಂಡನದೂ ಅದೇ ಮಾತು. ನನ್ನ ಹತ್ತಿರ ಚೀಟಿ ದುಡ್ಡಿದೆ. ಯಾರಿಗೂ ಹೇಳದೆ ಮಾಡಿಸಿಬಿಡಲಾ? ಇನ್ನೂ ಸಕ್ಕರೆ ಹಾಕಿದ ಬಾಟಲಿ ಹಾಲು ಕುಡಿದೇ ಮಲಗುತ್ತಾನೆ, ಅದರಿಂದಲೇ ಹೀಗಾಯಿತಾ?
– ಒಬ್ಬ ತಾಯಿ, ರಾಣೆಬೆನ್ನೂರು

ಉತ್ತರ: ಮಾಡಿಸಿ. ಆದರೆ ಮುಚ್ಚಿಟ್ಟು ಬೇಡ.

ನಿಮ್ಮತ್ತೆ ಹೇಳೋದು ಮುಂದಿನ ಹಲ್ಲಿನ ಲೆಕ್ಕ. ಅವು ಆರೇಳು ವರ್ಷಕ್ಕೆ ಬೀಳುತ್ತವೆ, ಎಲ್ಲರೂ ನೋಡಿರುತ್ತಾರೆ. ದವಡೆಯ ಹಾಲುಹಲ್ಲು ಬೀಳೋದು 9ರಿಂದ 12 ವರ್ಷದ ಒಳಗೆ. ಅಂದರೆ ಇನ್ನೂ ಐದಾರು ವರ್ಷ ನಿಮ್ಮ ಮಗ ಅದೇ ಹಲ್ಲಲ್ಲಿ ರೊಟ್ಟಿ ಅಗಿಯಬೇಕು. ಕೀಳಿಸಿ ಹಾಗೇ ಬಿಟ್ಟರೆ, ಆರನೇ ವರ್ಷಕ್ಕೆ ಹಿಂದುಗಡೆ ಹುಟ್ಟುವ ಶಾಶ್ವತ ದವಡೆ ಹಲ್ಲು ಖಾಲಿ ಜಾಗದ ಕಡೆ ವಾಲಿಕೊಂಡು ಬರುತ್ತದೆ, ಆಮೇಲೆ ಅಲ್ಲಿ ಬರಬೇಕಾದ ಹೊಸ ಹಲ್ಲಿಗೆ ಜಾಗ ಸಾಲದೆ ಸೊಟ್ಟ ಹುಟ್ಟುತ್ತದೆ. ಆಗ ತಂತಿ ಹಾಕಿಸೋ ಖರ್ಚು ಇದಕ್ಕಿಂತ ಎಷ್ಟು ಜಾಸ್ತಿ ಅಂತ ಯಜಮಾನರೇ ವಿಚಾರಿಸಿ ನೋಡಲಿ.

ದುಡ್ಡಿನ ಚಿಂತೆ ಸಣ್ಣದಲ್ಲ, ಒಪ್ಪುತ್ತೇನೆ. ದಾವಣಗೆರೆಯಲ್ಲಿ ಡೆಂಟಲ್ ಕಾಲೇಜುಗಳಿವೆ, ನಿಮಗೆ ಅಷ್ಟೇನೂ ದೂರವಲ್ಲ. ಕಾಲೇಜು ಆಸ್ಪತ್ರೆಗಳಲ್ಲಿ ಮಕ್ಕಳ ಹಲ್ಲಿಗೇ ಬೇರೆ ವಿಭಾಗ ಇರುತ್ತದೆ, ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ. ಸರದಿಯಲ್ಲಿ ಕಾಯಬೇಕು, ಎರಡು ಮೂರು ಸಲ ಓಡಾಡಬೇಕಾದೀತು. ಬಿಳಿ ಕ್ಯಾಪೇ ಬೇಕು ಅಂತ ಹಟ ಬೇಡ. ಹಿಂದಿನ ಹಲ್ಲಿಗೆ ಸ್ಟೀಲ್ ಕ್ಯಾಪ್ ಚೆನ್ನಾಗಿ ಬಾಳುತ್ತದೆ, ಬೆಲೆಯೂ ಕಡಿಮೆ, ಹಲ್ಲು ಬೀಳುವಾಗ ಅದರ ಜೊತೆಗೇ ಬೀಳುತ್ತದೆ.

ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ. ಎಕ್ಸ್‌ರೇ ತೆಗೆದಾಗ ಹಾಲುಹಲ್ಲಿನ ಬೇರಿನ ಕೆಳಗೆ ಹೊಸ ಹಲ್ಲು ಕೂತಿರೋದು ಕಾಣುತ್ತದೆ, ಅದನ್ನು ಅವರಿಗೆ ತೋರಿಸಿ ಅಂತ ಡಾಕ್ಟರಿಗೆ ಹೇಳಿ. ಸೊಸೆ ಹೇಳಿದರೆ ವಾದ ಅನಿಸೋದು, ಡಾಕ್ಟರು ತೋರಿಸಿದರೆ ತಲೆಗೆ ಹೋಗುತ್ತದೆ. ಮೊಮ್ಮಗ ಅಳೋದು ಅವರಿಗೂ ಸಂಕಟವೇ ಅಲ್ವಾ?

ಬಾಟಲಿ ಇವತ್ತೇ ಬಿಡಿಸಿ. ನಿದ್ದೆಯಲ್ಲಿ ಬಾಯಲ್ಲಿ ಜೊಲ್ಲು ಕಡಿಮೆ, ಸಕ್ಕರೆ ಹಾಲು ರಾತ್ರಿಯಿಡೀ ಹಲ್ಲಿಗೆ ಅಂಟಿಕೊಂಡಿರುತ್ತದೆ. ಹಾಲು ಲೋಟದಲ್ಲಿ ಕೊಡಿ, ಆಮೇಲೆ ಹಲ್ಲುಜ್ಜಿಸಿ, ಮತ್ತೆ ನೀರು ಬಿಟ್ಟು ಬೇರೇನೂ ಬೇಡ. ಉಜ್ಜಬೇಕಾದವರು ನೀವು. ಏಳೆಂಟು ವರ್ಷದವರೆಗೂ ಮಕ್ಕಳ ಕೈಗೆ ಆ ಹಿಡಿತ ಬಂದಿರಲ್ಲ. ತಲೆ ನಿಮ್ಮ ತೊಡೆ ಮೇಲೆ ಇಟ್ಟುಕೊಳ್ಳಿ, ಬೆರಳಲ್ಲಿ ಕೆನ್ನೆ ಸರಿಸಿ, ಕೊನೆಯ ಹಲ್ಲಿನವರೆಗೂ ಬ್ರಷ್ ಹೋಗಲಿ. ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಸಾಕು, ಉಗುಳಿಸಿ. ಎರಡು ನಿಮಿಷದ ಕೆಲಸ, ದಿನ ಬಿಟ್ಟು ದಿನ ಯಜಮಾನರೂ ಮಾಡಬಹುದು.

ಇವತ್ತು ರಾತ್ರಿಯೇ ಮನೆಯಲ್ಲಿ ಮಾತಾಡಿ, ಈ ವಾರವೇ ಹೋಗಿ. ಅಷ್ಟರಲ್ಲಿ ಕೆನ್ನೆ ಊದಿದರೆ, ಜ್ವರ ಬಂದರೆ, ವಸಡಿನ ಮೇಲೆ ಕೀವಿನ ಗುಳ್ಳೆ ಕಂಡರೆ ಯಾರ ಒಪ್ಪಿಗೆಗೂ ಕಾಯಬೇಡಿ. ಅದೇ ದಿನ ತೋರಿಸಿ, ಚೀಟಿ ದುಡ್ಡು ತೆಗೆಯಿರಿ, ಆಮೇಲೆ ಹೇಳಿದರಾಯಿತು.