ಬೆಳಿಗ್ಗೆ ಏಳುವಾಗಲೇ ಸುಸ್ತು, ನಾನು ಸೋಮಾರಿಯಾ?

ಪ್ರಶ್ನೆ: ನನಗೆ 38 ವರ್ಷ. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿದ್ದೇವೆ. ಆಫೀಸೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಮನೆಯಲ್ಲಿ ಗಂಡ, ಅತ್ತೆ, 13 ವರ್ಷದ ಮಗಳು, 8 ವರ್ಷದ ಮಗ ಇದ್ದಾರೆ. ಎರಡು ವರ್ಷದಿಂದ ಸುಸ್ತು ನನ್ನನ್ನು ಬಿಡುತ್ತಲೇ ಇಲ್ಲ. ಬೆಳಿಗ್ಗೆ 5ಕ್ಕೆ ಏಳುವಾಗಲೇ ಮೈ ಭಾರ. ಮೆಟ್ಟಿಲು ಹತ್ತಿದರೆ ಏದುಸಿರು. ದಿನಕ್ಕೆ ಐದಾರು ಸಲ ಕಾಫಿ, ಟೀ ಕುಡಿದು ಹೇಗೋ ದಿನ ತಳ್ಳುತ್ತೇನೆ. ಬೆಳಿಗ್ಗೆ ತಿಂಡಿ ತಿನ್ನುವುದಕ್ಕೆ ಹೊತ್ತಿಲ್ಲ. ಆಫೀಸಿನ ಶೌಚಾಲಯ ಸರಿಯಿಲ್ಲ, ಹಾಗಾಗಿ ಅಲ್ಲಿ ನೀರೂ ಕುಡಿಯುವುದಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲ್ ನೋಡುತ್ತಾ 12 ಆಗುತ್ತದೆ. ಅದೊಂದೇ ನನ್ನದು ಅನ್ನುವ ಹೊತ್ತು. ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಹಾಕಿಸಿಕೊಂಡೆ. ಎರಡು ದಿನ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ. ಗಂಡ ಕೆಟ್ಟವರಲ್ಲ. ಆದರೆ ‘ನಮ್ಮಮ್ಮ ಹತ್ತು ಜನಕ್ಕೆ ಬೇಯಿಸಿ ಹಾಕಿದವಳು, ಒಂದು ದಿನ ಸುಸ್ತು ಅಂದಿಲ್ಲ’ ಅನ್ನುತ್ತಾರೆ. ಈಗ ಮಗಳೂ ಸುಸ್ತು ಅನ್ನುತ್ತಾಳೆ. ‘ತಾಯಿಯಂತೆ ಮಗಳು’ ಅಂತ ಅತ್ತೆ ನಗುತ್ತಾರೆ. ಮುಟ್ಟು ಏಳೆಂಟು ದಿನ ಜಾಸ್ತಿಯೇ ಹೋಗುತ್ತದೆ, ಅದು ಮೊದಲಿನಿಂದಲೂ ಹಾಗೇ. ನಾನು ನಿಜವಾಗಿಯೂ ಸೋಮಾರಿಯಾ?

ಉತ್ತರ: ಇಲ್ಲ. ಬೆಳಿಗ್ಗೆ 5ಕ್ಕೆ ಎದ್ದು, ಮನೆ ಕೆಲಸ ಮುಗಿಸಿ, ಆಫೀಸಿಗೆ ಹೋಗಿ ಬಂದು, ಮತ್ತೆ ಅಡುಗೆಮನೆಗೆ ಹೋಗುವವರನ್ನು ಯಾರೂ ಸೋಮಾರಿ ಅನ್ನುವ ಹಾಗಿಲ್ಲ. ಆ ಮಾತನ್ನು ಇಲ್ಲಿಗೇ ಬಿಡೋಣ.

ನಿಮ್ಮ ಪತ್ರದ ಕೊನೆಯಲ್ಲಿ, ಹೋಗ್ತಾ ಹೋಗ್ತಾ ಅನ್ನುವ ಹಾಗೆ ಒಂದು ವಿಷಯ ಬರೆದಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಮುಟ್ಟು ಏಳೆಂಟು ದಿನ, ಅದೂ ಜಾಸ್ತಿ. ಮೊದಲಿನಿಂದಲೂ ಹಾಗೇ ಇರುವುದರಿಂದ ಅದು ನಿಮಗೆ ಸಹಜ ಅನ್ನಿಸಿಬಿಟ್ಟಿದೆ. ಆದರೆ ಒಂದೆರಡು ಗಂಟೆಗೆ ಪ್ಯಾಡ್ ಬದಲಾಯಿಸಬೇಕಾಗುತ್ತದೆಯೇ? ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹೆಪ್ಪುಗಳು ಹೋಗುತ್ತವೆಯೇ? ರಾತ್ರಿ ಎದ್ದು ಬದಲಾಯಿಸಬೇಕಾಗುತ್ತದೆಯೇ? ಒಂದಕ್ಕಾದರೂ ಹೌದು ಎಂದಾದರೆ ಅದು ವೈದ್ಯರಿಗೆ ಹೇಳಲೇಬೇಕಾದ ಮಾತು. ಏಳು ದಿನ ದಾಟುವುದು ಕೂಡ ಹಾಗೇ.

ಯಾಕೆ ಅಂತ ಲೆಕ್ಕ ಬರೆಯುವವರಿಗೆ ಲೆಕ್ಕದಲ್ಲೇ ಹೇಳುತ್ತೇನೆ. ಒಂದು ಮುಟ್ಟಿನಲ್ಲಿ 80 ಮಿಲಿಲೀಟರ್‌ಗಿಂತ ಹೆಚ್ಚು ರಕ್ತ ಹೋದರೆ ಅದನ್ನು ಅತಿಸ್ರಾವ ಅನ್ನುತ್ತಾರೆ. ಅಷ್ಟು ರಕ್ತದ ಜೊತೆ ಸುಮಾರು 35ರಿಂದ 40 ಮಿಲಿಗ್ರಾಂ ಕಬ್ಬಿಣದ ಅಂಶ ಮೈಯಿಂದ ಹೊರಗೆ ಹೋಗುತ್ತದೆ. ಅನ್ನ, ಮುದ್ದೆ, ಸಾರು, ಪಲ್ಯದಂಥ ನಮ್ಮ ಊಟದಲ್ಲಿರುವ ಕಬ್ಬಿಣದಲ್ಲಿ ಮೈಗೆ ಹತ್ತುವುದು ನೂರಕ್ಕೆ ಐದರಿಂದ ಹತ್ತು ಪಾಲು ಅಷ್ಟೆ. ಅಂದರೆ ದಿನಕ್ಕೆ ಒಂದೆರಡು ಮಿಲಿಗ್ರಾಂ. ಅದೂ ಮೈಯ ದಿನನಿತ್ಯದ ಖರ್ಚಿಗೇ ಬೇಕು. ಪ್ರತಿ ತಿಂಗಳೂ ಖರ್ಚು ಜಮೆಯನ್ನು ಮೀರಿದರೆ ಉಳಿತಾಯ ಕರಗಲೇಬೇಕು. ಕಬ್ಬಿಣ ಕರಗಿದರೆ ಹಿಮೋಗ್ಲೋಬಿನ್ ಇಳಿಯುತ್ತದೆ. ಹಿಮೋಗ್ಲೋಬಿನ್ ಇಳಿದರೆ ಸ್ನಾಯುಗಳಿಗೆ, ಮಿದುಳಿಗೆ ಆಮ್ಲಜನಕ ಸಾಲುವುದಿಲ್ಲ. ನೀವು ಹೇಳುವ ಮೈಭಾರ, ಮೆಟ್ಟಿಲಿನ ಏದುಸಿರು ಎರಡೂ ಅದರ ಲಕ್ಷಣಗಳೇ.

ನೀವು ಒಂಟಿಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ದೇಶದಲ್ಲಿ ಶೇ 57ರಷ್ಟು, ಕರ್ನಾಟಕದಲ್ಲಿ ಹತ್ತಿರ ಹತ್ತಿರ ಶೇ 48ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಸುಮಾರು ಅರ್ಧದಷ್ಟು ಹೆಂಗಸರು! ಇಷ್ಟೊಂದು ಮಂದಿ ‘ಹೆಂಗಸರ ಸುಸ್ತು ಇದ್ದದ್ದೇ’ ಎಂದು ಬದುಕುತ್ತಿದ್ದಾರಲ್ಲ, ಅದು ನನಗೆ ನಿಜಕ್ಕೂ ಸಂಕಟದ ವಿಷಯ. ಯಾಕೆಂದರೆ ಗೊತ್ತಾದರೆ ಇದಕ್ಕೆ ಚಿಕಿತ್ಸೆ ಇದೆ, ಅದು ದುಬಾರಿಯೂ ಅಲ್ಲ.

ಹಾಗಾಗಿ ಈ ವಾರವೇ ಒಂದು ದಿನ ಅರ್ಧ ರಜೆ ಹಾಕಿ, ರಕ್ತ ಪರೀಕ್ಷೆ ಮಾಡಿಸಿ. ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಸಿಬಿಸಿ ಅನ್ನುವ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಇದೆ ಎಂದರ್ಥ. ಅದರ ಜೊತೆ ಫೆರಿಟಿನ್ ಪರೀಕ್ಷೆಯನ್ನೂ ಕೇಳಿ. ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತಿಳಿಯುವುದು ಅದರಿಂದ. ಹಿಮೋಗ್ಲೋಬಿನ್ ಸರಿಯಿದ್ದು ದಾಸ್ತಾನು ಖಾಲಿಯಾಗಿದ್ದರೂ ಸುಸ್ತು ಕಾಡುತ್ತದೆ. ಥೈರಾಯ್ಡ್, ಬಿ12, ಸಕ್ಕರೆ ಮೂರನ್ನೂ ಅದೇ ರಕ್ತದಲ್ಲಿ ನೋಡಿಸಿಬಿಡಿ. ಥೈರಾಯ್ಡ್ ಕಮ್ಮಿ ಕೆಲಸ ಮಾಡಿದರೆ ಸುಸ್ತು, ಮುಟ್ಟಿನ ಅತಿಸ್ರಾವ ಎರಡೂ ಬರಬಹುದು. ನೀವು ಸಸ್ಯಾಹಾರಿಗಳಾದರೆ ಬಿ12 ಕಮ್ಮಿ ಇರುವ ಸಾಧ್ಯತೆ ಜಾಸ್ತಿ, ಪಾದ ಜುಮುಗುಟ್ಟುತ್ತಿದ್ದರೆ ಅದನ್ನೂ ಹೇಳಿ.

ವೈದ್ಯರ ಮುಂದೆ ಕೂತಾಗ ‘ಸುಸ್ತು ಡಾಕ್ಟ್ರೇ’ ಎಂದಷ್ಟೇ ಹೇಳಿ ಬರಬೇಡಿ. ಎಷ್ಟು ದಿನದ ಮುಟ್ಟು, ದಿನಕ್ಕೆ ಎಷ್ಟು ಪ್ಯಾಡ್, ಎಷ್ಟು ಮೆಟ್ಟಿಲಿಗೆ ಉಸಿರು ಕಟ್ಟುತ್ತದೆ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸಂಕೋಚವಾದರೆ ಚೀಟಿಯನ್ನೇ ಅವರ ಕೈಗೆ ಕೊಡಿ. ಸ್ರಾವ ಯಾಕೆ ಜಾಸ್ತಿ ಎಂದು ತಿಳಿಯಲು ಸ್ಕ್ಯಾನ್ ಮಾಡಿಸಬಹುದು, ಗರ್ಭಕೋಶದಲ್ಲಿ ಗಡ್ಡೆ ಇದೆಯೇ ಎಂದು ನೋಡುತ್ತಾರೆ. ಇಲ್ಲೊಂದು ಮಾತು. ಮೊದಲ ಭೇಟಿಯಲ್ಲೇ ಯಾರಾದರೂ ‘ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ’ ಅಂದರೆ ಒಪ್ಪಿಕೊಳ್ಳುವ ಮೊದಲು ಇನ್ನೊಬ್ಬ ಸ್ತ್ರೀರೋಗ ತಜ್ಞರನ್ನು ಕಾಣಿ. ಸ್ರಾವ ತಗ್ಗಿಸುವ ಮಾತ್ರೆಗಳಿವೆ, ಗರ್ಭಕೋಶದೊಳಗೆ ಇಡುವ, ಹಾರ್ಮೋನ್ ಇರುವ ವಂಕಿಯಿದೆ. ಆಪರೇಷನ್ ಕೊನೆಯ ದಾರಿ.

ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ನಡುವೆ ಬಿಡಬೇಡಿ. ಬಹಳ ಜನ ಎರಡು ವಾರಕ್ಕೇ ಬಿಟ್ಟುಬಿಡುತ್ತಾರೆ. ಮಲ ಕಪ್ಪಗಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಹೊಟ್ಟೆ ತೊಳೆಸಿದರೆ, ಮಲಬದ್ಧತೆ ಬಂದರೆ ವೈದ್ಯರಿಗೆ ಹೇಳಿ. ಬೇರೆ ಮಾತ್ರೆ ಕೊಡುತ್ತಾರೆ, ಇಲ್ಲವೇ ದಿನ ಬಿಟ್ಟು ದಿನ ತೆಗೆದುಕೊಳ್ಳಿ ಅನ್ನಬಹುದು. ಹಾಲು, ಕಾಫಿ, ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗಬೇಡಿ. ಹಿಮೋಗ್ಲೋಬಿನ್ ಸರಿಯಾದ ಮೇಲೂ ದಾಸ್ತಾನು ತುಂಬುವುದಕ್ಕೆ ಸುಮಾರು ಮೂರು ತಿಂಗಳು ಮುಂದುವರಿಸಬೇಕಾಗುತ್ತದೆ.

ಈಗ ಆ ಗ್ಲೂಕೋಸ್ ಬಾಟಲಿಯ ವಿಷಯ. ನಮ್ಮ ಊರುಗಳಲ್ಲಿ ಸುಸ್ತು ಅಂದರೆ ಡ್ರಿಪ್ ಹಾಕಿಸಿಕೊಳ್ಳುವುದು ರೂಢಿಯಾಗಿಬಿಟ್ಟಿದೆ. ಶೇ 5ರ ಅರ್ಧ ಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಗ್ಲೂಕೋಸ್, ಉಳಿದದ್ದು ನೀರು. ಐದಾರು ಚಮಚ ಸಕ್ಕರೆ ಹಾಕಿದ ಪಾನಕದಿಂದ ಸಿಗುವುದೂ ಅಷ್ಟೇ. ಆಮೇಲೆ ಚೆನ್ನಾಗಿದ್ದೆ ಅಂದಿರಲ್ಲ, ಅದು ಸುಳ್ಳಲ್ಲ. ಸಾಕಷ್ಟು ನೀರೇ ಕುಡಿಯದ ಮೈಗೆ ನೀರು ಸಿಕ್ಕಿತು, ಒಂದೆರಡು ಗಂಟೆ ಸುಮ್ನೆ ಮಲಗಿದಿರಿ, ಯಾರೂ ಏಳಿಸಲಿಲ್ಲ. ನಿಮಗೆ ಬೇಕಿದ್ದದ್ದು ಅದೇ ಇರಬಹುದು. ಅದಕ್ಕೆ ಸೂಜಿ ಚುಚ್ಚಿಸಿಕೊಳ್ಳಬೇಕಿಲ್ಲ, ದುಡ್ಡನ್ನು ರಕ್ತ ಪರೀಕ್ಷೆಗೆ ಇಟ್ಟುಕೊಳ್ಳಿ.

ನೀರಿನ ವಿಷಯ ಹೇಳಿದ್ದು ಒಳ್ಳೆಯದಾಯಿತು. ಶೌಚಾಲಯಕ್ಕೆ ಹೆದರಿ ದಿನವಿಡೀ ಗಂಟಲು ಒಣಗಿಸಿಕೊಳ್ಳುವ ಹೆಂಗಸರು ಶಾಲೆ, ಅಂಗಡಿ, ಗಾರ್ಮೆಂಟ್ಸ್ ಎಲ್ಲ ಕಡೆ ಇದ್ದಾರೆ. ಇದರಿಂದ ತಲೆನೋವು, ಸುಸ್ತು, ಉರಿಮೂತ್ರ ಎಲ್ಲವೂ ಬರುತ್ತವೆ. ಆಫೀಸಿನ ಇತರ ಹೆಂಗಸರನ್ನು ಸೇರಿಸಿಕೊಂಡು, ಬಾಗಿಲಿಗೆ ಚಿಲಕ, ಒಳಗೆ ನೀರು, ದಿನಕ್ಕೊಮ್ಮೆ ಶುಚಿ ಬೇಕು ಎಂದು ಬರವಣಿಗೆಯಲ್ಲಿ ಕೇಳಿ. ಒಬ್ಬರೇ ಕೇಳಿದರೆ ದೂರು ಅನ್ನುತ್ತಾರೆ, ನಾಲ್ಕು ಸಹಿ ಇದ್ದರೆ ಕಿವಿಗೊಡುತ್ತಾರೆ. ಅಲ್ಲಿಯವರೆಗೆ ಮನೆ ಬಿಡುವ ಮೊದಲು ಎರಡು ಲೋಟ, ಬಂದ ತಕ್ಷಣ ಎರಡು ಲೋಟವಾದರೂ ಕುಡಿಯಿರಿ.

ಊಟದಲ್ಲಿ ಒಂದೇ ಒಂದು ಬದಲಾವಣೆ ಮಾಡಿ ಅಂದರೆ ನಾನು ಹೇಳುವುದು ಇದು: ತಿಂಡಿ ಬಿಡಬೇಡಿ, ತಿಂಡಿ-ಊಟದ ಜೊತೆ ಕಾಫಿ, ಟೀ ಬೇಡ. ಅವುಗಳಲ್ಲಿರುವ ಅಂಶ ಊಟದ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಒಂದು ಗಂಟೆ ಅಂತರ ಇರಲಿ. ಸಂಜೆ ನಾಲ್ಕರ ಮೇಲೆ ಕಾಫಿ ಬೇಡ, ಅದರ ಅರ್ಧ ರಾತ್ರಿ ಒಂಬತ್ತಕ್ಕೂ ಮೈಯಲ್ಲಿರುತ್ತದೆ. ಸಾರಿಗೆ ನಿಂಬೆರಸ ಹಿಂಡಿಕೊಳ್ಳಿ, ನೆಲ್ಲಿಕಾಯಿಯೋ ಸೀಬೆಹಣ್ಣೋ ತಿನ್ನಿ, ಇವು ಕಬ್ಬಿಣ ಹತ್ತುವುದಕ್ಕೆ ನೆರವಾಗುತ್ತವೆ. ಹುರುಳಿಕಾಳಿನ ಬಸ್ಸಾರು, ನುಗ್ಗೆಸೊಪ್ಪು, ದಂಟುಸೊಪ್ಪು ಒಳ್ಳೆಯದು, ಮಾಂಸ, ಮೀನು ತಿನ್ನುವವರಾದರೆ ಇನ್ನೂ ಒಳ್ಳೆಯದು. ಆದರೆ ರಕ್ತಹೀನತೆ ಬಂದಾಗಿದ್ದರೆ ಸೊಪ್ಪು, ಬೀಟ್‌ರೂಟ್, ಖರ್ಜೂರದಿಂದಲೇ ತುಂಬಿಕೊಳ್ಳುತ್ತೇನೆ ಎಂದು ಕಾಯಬೇಡಿ. ಮಾತ್ರೆ ಬೇಕೇ ಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ದಿನಕ್ಕೆ ಗಂಡಸಿಗೆ 19 ಮಿಲಿಗ್ರಾಂ ಕಬ್ಬಿಣ ಬೇಕು, ಹೆಂಗಸಿಗೆ 29. ನಮ್ಮ ಮನೆಗಳಲ್ಲಿ ಕೊನೆಗೆ ಊಟಕ್ಕೆ ಕೂರುವುದು ಯಾರು? ತಳದಲ್ಲಿ ಉಳಿದ ಸಾರು ಯಾರ ತಟ್ಟೆಗೆ? ಹೆಚ್ಚು ಬೇಕಾದವರಿಗೇ ಕಮ್ಮಿ ಸಿಗುವ ಪದ್ಧತಿ ಇದು. ರಾತ್ರಿ ಊಟಕ್ಕಾದರೂ ಎಲ್ಲರ ಜೊತೆ ಕೂತುಬಿಡಿ. ಬೇಕಾದವರು ಬಡಿಸಿಕೊಳ್ಳಲಿ.

ಇನ್ನು ನಿಮ್ಮ ಯಜಮಾನರಿಗೆ. ಸಾಧ್ಯವಾದರೆ ಈ ಭಾಗವನ್ನು ಅವರಿಗೇ ಓದಲು ಕೊಡಿ. ‘ನಮ್ಮಮ್ಮ ಒಂದು ದಿನ ಸುಸ್ತು ಅಂದಿಲ್ಲ’ ಅನ್ನುತ್ತೀರಿ. ಅವರಿಗೆ ಸುಸ್ತಾಗಲಿಲ್ಲ ಅಂತ ಅದರರ್ಥವೇ? ಸುಸ್ತು ಅಂದರೆ ಕೇಳುವವರು ಯಾರಿದ್ದರು? ಒಂದು ಸಂಜೆ ಅಮ್ಮನ ಪಕ್ಕ ಕೂತು, ಆಗ ಹೇಗಿತ್ತು ಎಂದು ಕೇಳಿ ನೋಡಿ. ಕೇಂದ್ರ ಸರ್ಕಾರ 2019ರಲ್ಲಿ ಜನ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಿದ್ದರು. ನಿಮ್ಮ ಹೆಂಡತಿ ಅದರ ಮೇಲೆ ಆಫೀಸನ್ನೂ ಮಾಡುತ್ತಿದ್ದಾರೆ. ‘ಹೆಲ್ಪ್ ಮಾಡ್ತೀನಿ, ಏನು ಮಾಡ್ಲಿ ಹೇಳು’ ಅನ್ನಬೇಡಿ. ಹೇಳುವುದೂ ಒಂದು ಕೆಲಸವೇ. ರಾತ್ರಿಯ ಪಾತ್ರೆ, ಮರುದಿನದ ತರಕಾರಿ, ಮಕ್ಕಳ ಬೆಳಗಿನ ತಯಾರಿ, ಈ ಮೂರನ್ನು ಪೂರ್ತಿ ನಿಮ್ಮದು ಮಾಡಿಕೊಳ್ಳಿ. ನೆನಪಿಡುವುದೂ ನಿಮ್ಮದೇ ಇರಲಿ. ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ.

ಮತ್ತೆ ನಿಮಗೆ. 12ಕ್ಕೆ ಮಲಗಿ 5ಕ್ಕೆ ಎದ್ದರೆ ಐದೇ ಗಂಟೆ ನಿದ್ದೆ. ದೊಡ್ಡವರಿಗೆ ಕನಿಷ್ಠ ಏಳು ಬೇಕು. ರಕ್ತ ಎಷ್ಟೇ ಸರಿಹೋದರೂ ಈ ಸಾಲ ತೀರುವುದಿಲ್ಲ. ‘ಮೊಬೈಲ್ ಬಿಡಿ’ ಅನ್ನಲು ನನಗೆ ಮನಸ್ಸು ಬರುತ್ತಿಲ್ಲ. ದಿನವಿಡೀ ಯಾರ್ಯಾರಿಗೋ ಕೊಟ್ಟು ಉಳಿದ ಹೊತ್ತು ಅದೊಂದೇ ಅಂತ ನೀವೇ ಬರೆದಿದ್ದೀರಿ. ಆ ಒಂದು ಗಂಟೆಯನ್ನು ಒಂಬತ್ತಕ್ಕೆ ತನ್ನಿ. ಪಾತ್ರೆ ಗಂಡನ ಪಾಲಿಗೆ ಹೋದರೆ ಅದು ಆಗುವ ಮಾತು. ಒಂಬತ್ತರಿಂದ ಹತ್ತು ನಿಮ್ಮದು, ರೂಮಿನ ಬಾಗಿಲು ಹಾಕಿಕೊಳ್ಳಿ, ಏನು ಬೇಕೋ ನೋಡಿ. ಹತ್ತೂವರೆಗೆ ದೀಪ ಆರಿಸಿ. ಬೆಳಗಿನ ತಯಾರಿಯನ್ನು ಅವರು ನೋಡಿಕೊಂಡರೆ ನೀವು ಐದೂವರೆಗೆ ಎದ್ದರೆ ಸಾಕು, ಏಳು ಗಂಟೆ ನಿದ್ದೆ ಸಿಗುತ್ತದೆ. ವ್ಯಾಯಾಮದ ಮಾತು ಈಗ ಬೇಡ. ರಕ್ತ ಸ್ವಲ್ಪ ಸುಧಾರಿಸಿದ ಮೇಲೆ ಸಂಜೆ ಹತ್ತು ಹದಿನೈದು ನಿಮಿಷ ನಡೆಯುವುದರಿಂದ ಶುರು ಮಾಡಿ.

ನಡುವೆ ಎದೆನೋವು, ಕೂತಲ್ಲೇ ಏದುಸಿರು, ತಲೆಸುತ್ತಿ ಬೀಳುವುದು ಆದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಎರಡು ವಾರ ಮೀರಿ ಜ್ವರ ಅಥವಾ ಕೆಮ್ಮಿದ್ದರೆ ಅದನ್ನೂ ತೋರಿಸಿ. ಮೊದಲು ಖುಷಿ ಕೊಡುತ್ತಿದ್ದ ಯಾವುದರಲ್ಲೂ ಈಗ ಮನಸ್ಸಿಲ್ಲ, ಅಳು ಬರುತ್ತದೆ, ಬದುಕೇ ಬೇಡ ಅನ್ನಿಸುತ್ತದೆ ಅಂತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಆಸ್ಪತ್ರೆಗೆ ಹೋಗುವ ದಿನ ಮಗಳನ್ನೂ ಕರೆದುಕೊಂಡು ಹೋಗಿ. 13 ವರ್ಷ ಅಂದರೆ ಮೈ ಬೆಳೆಯುವ ಕಾಲ, ಮುಟ್ಟು ಶುರುವಾಗಿರುವ ಕಾಲ. ಅವಳ ವಯಸ್ಸಿಗೂ ಹಿಮೋಗ್ಲೋಬಿನ್ 12 ಇರಬೇಕು. ಸರ್ಕಾರಿ ಶಾಲೆಗಳಲ್ಲಿ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣದ ಮಾತ್ರೆ ಕೊಡುತ್ತಾರೆ. ಅವಳ ಶಾಲೆಯಲ್ಲಿ ಕೊಡುತ್ತಿದ್ದಾರೆಯೇ, ಅವಳು ನುಂಗುತ್ತಿದ್ದಾಳೆಯೇ ಅಥವಾ ಹೊಟ್ಟೆ ತೊಳೆಸುತ್ತದೆ ಎಂದು ಬ್ಯಾಗಿನಲ್ಲೇ ಇಟ್ಟುಕೊಂಡಿದ್ದಾಳೆಯೇ ಎಂದು ಕೇಳಿ. ಖಾಲಿ ಹೊಟ್ಟೆಯಲ್ಲಿ ಬೇಡ, ಊಟ ಆದ ಮೇಲೆ ನುಂಗಲು ಹೇಳಿ. ಮುಟ್ಟು ಎಷ್ಟು ದಿನ, ಎಷ್ಟು ಹೋಗುತ್ತದೆ ಎಂದು ಕೂರಿಸಿಕೊಂಡು ವಿಚಾರಿಸಿ. ಹುಟ್ಟಿನಿಂದಲೇ ರಕ್ತ ಸರಿಯಾಗಿ ಹೆಪ್ಪುಗಟ್ಟದ ತೊಂದರೆ ಕೆಲವು ಮನೆತನಗಳಲ್ಲಿ ತಾಯಿಯಿಂದ ಮಕ್ಕಳಿಗೆ ಬರುವುದುಂಟು. ನಿಮಗೆ ಮೊದಲ ಮುಟ್ಟಿನಿಂದಲೂ ಹೀಗೇ ಆಗಿದ್ದು, ಅವಳಿಗೂ ಜಾಸ್ತಿ ಹೋಗುತ್ತಿದ್ದರೆ ಅದನ್ನು ವೈದ್ಯರಿಗೆ ಮರೆಯದೆ ಹೇಳಿ. ಇಬ್ಬರ ರಿಪೋರ್ಟೂ ಕೈಗೆ ಬಂದ ಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ.