ಕತ್ರಿನಾ ಹೋಯಿತು, ರೀಟಾ ಬಂತು: ನ್ಯೂ ಆರ್ಲಿಯನ್ಸ್ ಎರಡನೇ ಸಲ ಮುಳುಗಿದ್ದೇಕೆ?

ಪ್ರಶ್ನೆ: ನಮ್ಮ ಮಗನಿಗೆ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಕೆಲಸ ಸಿಕ್ಕಿದೆ. ಆ ಊರಿನ ಬಗ್ಗೆ ಓದುವಾಗ 2005ರ ಪ್ರವಾಹದ ಕಥೆ ಕಣ್ಣಿಗೆ ಬಿತ್ತು. ಕತ್ರಿನಾ ಚಂಡಮಾರುತಕ್ಕೆ ಮುಳುಗಿದ ಊರು, ಒಂದು ತಿಂಗಳೂ ಆಗುವ ಮೊದಲೇ ರೀಟಾ ಬಂದಾಗ ಮತ್ತೆ ಮುಳುಗಿತಂತೆ. ಆದರೆ ರೀಟಾ ದಡ ಮುಟ್ಟಿದ್ದು ದೂರದ ಟೆಕ್ಸಸ್ ಗಡಿಯಲ್ಲಿ. ಹಾಗಿದ್ದರೆ ಇಲ್ಲಿ ನೀರು ನುಗ್ಗಿದ್ದು ಹೇಗೆ?
– ಓದುಗರು, ಮೈಸೂರು

ಉತ್ತರ: ಒಂದೇ ಮಾತಿನಲ್ಲಿ ಹೇಳುವುದಾದರೆ, ಒಡೆದ ಏರಿಗೆ ಹಾಕಿದ್ದ ತೇಪೆ ತೀರಾ ತಗ್ಗಿನಲ್ಲಿತ್ತು. ಆದರೆ ಅಷ್ಟು ಹೇಳಿ ಬಿಟ್ಟರೆ ಸಾಲದು.

2005ರ ಆಗಸ್ಟ್ 29ರಂದು ಕತ್ರಿನಾ ಲೂಸಿಯಾನ ಕರಾವಳಿಗೆ ಅಪ್ಪಳಿಸಿತು. ಊರನ್ನು ಕಾಯುತ್ತಿದ್ದ ಏರಿಗಳೂ ಕಾಂಕ್ರೀಟ್ ಗೋಡೆಗಳೂ ಹಲವು ಕಡೆ ಒಡೆದವು. ಊರಿನ ಸುಮಾರು ಶೇ 80 ಭಾಗ ನೀರಿನಡಿ ಹೋಯಿತು. ಅತಿ ಕೆಟ್ಟ ಹೊಡೆತ ಬಿದ್ದಿದ್ದು ಇಂಡಸ್ಟ್ರಿಯಲ್ ಕೆನಾಲ್ ಎಂಬ ಹಡಗು ಕಾಲುವೆಯ ಪಕ್ಕದ ಲೋವರ್ ನೈನ್ತ್ ವಾರ್ಡ್ ಬಡಾವಣೆಗೆ. ಅಲ್ಲಿ ಗೋಡೆ ಕುಸಿದಾಗ ನೀರು ಎಷ್ಟು ರಭಸದಿಂದ ಬಂತೆಂದರೆ, ಮನೆಗಳು ಅಡಿಪಾಯ ಬಿಟ್ಟು ತೇಲಿಹೋದವು. ಒಂದು ದೊಡ್ಡ ಸರಕು ದೋಣಿ ಕಾಲುವೆಯಿಂದ ಬಂದು ಮನೆಗಳ ಮಧ್ಯೆ ಕೂತಿತು.

ಆಮೇಲೆ ಸೇನೆಯ ಎಂಜಿನಿಯರ್‌ಗಳು ಹಗಲು ರಾತ್ರಿ ಕೆಲಸ ಮಾಡಿದರು. ಹೆಲಿಕಾಪ್ಟರ್‌ನಿಂದ ದೊಡ್ಡ ದೊಡ್ಡ ಮರಳು ಮೂಟೆ ಇಳಿಸಿದರು. ಕಲ್ಲು, ಜಲ್ಲಿ ಸುರಿದು ಬಿರುಕುಗಳನ್ನು ಮುಚ್ಚಿದರು. ಪಂಪ್ ಹಚ್ಚಿ ನೀರು ಹೊರಗೆ ಹಾಕಿದರು. ಸೆಪ್ಟೆಂಬರ್ ಮೂರನೇ ವಾರದ ಹೊತ್ತಿಗೆ ಹೆಚ್ಚಿನ ಬೀದಿಗಳು ಒಣಗಿದ್ದವು. ಮೇಯರ್ ರೇ ನೇಗಿನ್ ಜನರನ್ನು ವಾಪಸ್ ಕರೆಯಲು ಶುರು ಮಾಡಿದ್ದರು. ರೀಟಾ ಬರುತ್ತಿದೆ ಅಂತ ಗೊತ್ತಾದ ಕೂಡಲೇ ಅದನ್ನು ನಿಲ್ಲಿಸಿದರು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಚಂಡಮಾರುತ ಅಂದರೆ ನಕ್ಷೆಯ ಮೇಲಿನ ಒಂದು ಚುಕ್ಕೆ ಅಂತ ನಾವು ಅಂದುಕೊಳ್ಳುತ್ತೇವೆ. ಅದರ ಗಾಳಿ ನೂರಾರು ಕಿಲೋಮೀಟರ್ ಅಗಲಕ್ಕೆ ಹರಡಿರುತ್ತದೆ. ಭೂಮಿಯ ಉತ್ತರಾರ್ಧದಲ್ಲಿ ಅದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ರೀಟಾ ಮೆಕ್ಸಿಕೊ ಕೊಲ್ಲಿಯಲ್ಲಿ ಪಶ್ಚಿಮದ ಕಡೆ ಸಾಗುತ್ತಿತ್ತು, ನ್ಯೂ ಆರ್ಲಿಯನ್ಸ್ ಅದರ ಬಲಗಡೆ ಇತ್ತು. ಹಾಗಾಗಿ ಊರಿನ ಮೇಲೆ ಪೂರ್ವದಿಂದ, ಆಗ್ನೇಯದಿಂದ ಒಂದೇ ಸಮನೆ ಗಾಳಿ ಬೀಸುತ್ತಾ ಇತ್ತು. ಆ ಗಾಳಿ ಸಮುದ್ರದ ನೀರನ್ನು ಊರಿನ ಪೂರ್ವಕ್ಕಿರುವ ಬೋರ್ನ್ ಸರೋವರಕ್ಕೆ ತಳ್ಳಿತು. ಅಲ್ಲಿಂದ ಹಡಗು ಕಾಲುವೆಗಳ ಮೂಲಕ ನೀರು ಇಂಡಸ್ಟ್ರಿಯಲ್ ಕೆನಾಲ್‌ಗೆ ಏರಿತು.

ಕತ್ರಿನಾ ಹೊತ್ತಿನ ನೀರಿನ ಮಟ್ಟಕ್ಕೆ ಹೋಲಿಸಿದರೆ ಇದು ಕಡಿಮೆಯೇ. ಮೊದಲಿನ ಗೋಡೆ ಗಟ್ಟಿಯಾಗಿ ನಿಂತಿದ್ದರೆ ಒಳಗೆ ಬರುತ್ತಿರಲಿಲ್ಲ. ಆದರೆ ಗೋಡೆ ಇರಲಿಲ್ಲ, ಕಲ್ಲು ಮಣ್ಣಿನ ರಾಶಿ ಇತ್ತು. ಸೆಪ್ಟೆಂಬರ್ 23ರ ಬೆಳಿಗ್ಗೆ, ರೀಟಾ ಇನ್ನೂ ದಡ ಮುಟ್ಟುವ ಮೊದಲೇ, ನೀರು ಆ ತೇಪೆಯ ಮೇಲಿಂದ ಹರಿದು ಲೋವರ್ ನೈನ್ತ್ ವಾರ್ಡ್‌ಗೆ ಇಳಿಯಿತು. ಮಳೆ ನೀರು ಹೊರಹಾಕುವ ಲಂಡನ್ ಅವೆನ್ಯೂ ಕೆನಾಲ್‌ನಲ್ಲೂ ತೇಪೆಯ ಕಲ್ಲುಗಳ ಸಂದಿಯಿಂದ ನೀರು ಒಸರಿತು. ನಮ್ಮಲ್ಲಿ ಕೆರೆ ಏರಿ ಒಡೆದಾಗ ಮರಳು ಮೂಟೆ ಪೇರಿಸಿ ನೀರು ನಿಲ್ಲಿಸುತ್ತಾರೆ ನೋಡಿ, ಮುಂದಿನ ಮಳೆ ಬಂದರೆ ಮೊದಲು ಹೋಗುವುದು ಅದೇ ಜಾಗ. ಇಲ್ಲಿ ಆಗಿದ್ದೂ ಅದೇ. ಹೊಸ ಮಣ್ಣು ಕೂರಲು ಸಮಯ ಬೇಕು. ಎತ್ತರ ಮಾಡಲು ಸಮಯ ಬೇಕು. ಎರಡು ಚಂಡಮಾರುತಗಳ ಮಧ್ಯೆ ನಾಲ್ಕು ವಾರ ಸಹ ಸಿಗಲಿಲ್ಲ.

ಅದೃಷ್ಟಕ್ಕೆ ಆಗ ಆ ಬಡಾವಣೆಯಲ್ಲಿ ಜನ ವಾಸವಿರಲಿಲ್ಲ. ಊರಿನ ನೀರೆಲ್ಲ ಖಾಲಿಯಾಯಿತು ಎಂದು ಸೇನೆಯ ಎಂಜಿನಿಯರ್‌ಗಳು ಹೇಳಿದ್ದು ಅಕ್ಟೋಬರ್ 11ಕ್ಕೆ. ಆದರೆ ಎರಡನೇ ಸಲ ನೆನೆದ ಮನೆಗಳು ಜನರ ಮನಸ್ಸನ್ನೇ ಮುರಿದವು ಅಂತ ನನಗೆ ಅನ್ನಿಸುತ್ತದೆ. 2000ರ ಜನಗಣತಿಯಲ್ಲಿ ಲೋವರ್ ನೈನ್ತ್ ವಾರ್ಡ್‌ನಲ್ಲಿ ಸುಮಾರು 14 ಸಾವಿರ ಜನ ಇದ್ದರು. 2010ರಲ್ಲಿ 3 ಸಾವಿರವೂ ಇರಲಿಲ್ಲ. ಹೆಚ್ಚಿನವರು ಕಪ್ಪು ಜನಾಂಗದ ದುಡಿಯುವ ಕುಟುಂಬಗಳು. ತಲೆಮಾರಿನಿಂದ ಬಂದ ಸ್ವಂತ ಮನೆ ಇದ್ದವರು ಬಹಳ ಮಂದಿ. 1965ರ ಬೆಟ್ಸಿ ಚಂಡಮಾರುತದಲ್ಲೂ ಇದೇ ಬಡಾವಣೆ ಮುಳುಗಿತ್ತು. ಊರಿಗೆ ಗಟ್ಟಿ ಏರಿ ಕಟ್ಟಿಕೊಡುವ ಸರ್ಕಾರದ ಯೋಜನೆ ಹುಟ್ಟಿದ್ದೇ ಆಗ. 40 ವರ್ಷ ಆದರೂ ಅದು ಪೂರ್ತಿ ಆಗಿರಲಿಲ್ಲ. ಇದನ್ನು ಓದುವಾಗ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ: ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿ ಯಾರಾದರೂ ಊರು ಕಟ್ಟುತ್ತಾರಾ? ಅಷ್ಟು ದೊಡ್ಡ ಪಂಪ್‌ಗಳಿದ್ದೂ ಏಕೆ ಪ್ರಯೋಜನವಾಗಲಿಲ್ಲ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಮೊದಲು ಕಟ್ಟಿದವರು ತಗ್ಗಿನಲ್ಲಿ ಕಟ್ಟಲಿಲ್ಲ. ಮಿಸಿಸಿಪ್ಪಿ ನದಿ ಸಾವಿರಾರು ವರ್ಷ ಹೂಳು ಹಾಕಿ ತನ್ನ ದಂಡೆಯನ್ನು ತಾನೇ ಎತ್ತರ ಮಾಡಿಕೊಂಡಿದೆ. 1718ರಲ್ಲಿ ಫ್ರೆಂಚರು ಊರು ಶುರು ಮಾಡಿದ್ದು ಆ ದಂಡೆಯ ಮೇಲೆ. ಇವತ್ತಿಗೂ ಅಲ್ಲಿರುವ ಫ್ರೆಂಚ್ ಕ್ವಾರ್ಟರ್‌ನ ಹೆಚ್ಚಿನ ಭಾಗ ಕತ್ರಿನಾದಲ್ಲಿ ಮುಳುಗಲಿಲ್ಲ. ಅದರ ಹಿಂದೆ ಪಾಂಟ್‌ಚಾರ್ಟ್ರೇನ್ ಸರೋವರದವರೆಗೆ ಇದ್ದಿದ್ದು ಜವುಗು.

20ನೇ ಶತಮಾನದ ಆರಂಭದಲ್ಲಿ ಊರಿನ ಎಂಜಿನಿಯರ್ ಆಲ್ಬರ್ಟ್ ಬಾಲ್ಡ್‌ವಿನ್ ವುಡ್ ಭಾರಿ ಸ್ಕ್ರೂ ಪಂಪ್ ರೂಪಿಸಿದರು. ಜವುಗು ಒಣಗಿತು, ಬಡಾವಣೆಗಳು ಎದ್ದವು. ತೊಂದರೆ ಅಲ್ಲೇ ಇತ್ತು. ಆ ಮಣ್ಣಿನಲ್ಲಿ ಕೊಳೆತ ಎಲೆ, ಬೇರು ಜಾಸ್ತಿ. ನೀರು ತೆಗೆದರೆ ಅದು ಕುಗ್ಗುತ್ತದೆ, ಗಾಳಿ ತಾಗಿ ಕರಗುತ್ತದೆ. ಪಂಪ್ ಮಾಡಿದಷ್ಟೂ ನೆಲ ಕೆಳಗೆ ಹೋಯಿತು, ನೆಲ ಕೆಳಗೆ ಹೋದಷ್ಟೂ ಜಾಸ್ತಿ ಪಂಪ್ ಮಾಡಬೇಕಾಯಿತು. ಈಗ ಊರಿನ ಅರ್ಧದಷ್ಟು ಜಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ.

ಪಂಪ್‌ಗಳು ಇರುವುದು ಮಳೆ ನೀರಿಗೆ. ಮೊದಲ ಗಂಟೆಗೆ ಒಂದು ಇಂಚು, ಆಮೇಲೆ ಗಂಟೆಗೆ ಅರ್ಧ ಇಂಚು ಮಳೆ ಹೊರಹಾಕುವುದು ಅವುಗಳ ಲೆಕ್ಕ. ಏರಿ ಒಡೆದು ಸರೋವರವೇ ಒಳಗೆ ಬಂದರೆ ಅವು ಏನು ಮಾಡಲು ಸಾಧ್ಯ? ಪಂಪ್ ಮಾಡಿದ ನೀರು ಹೋಗಬೇಕಾಗಿದ್ದ ಕಾಲುವೆಗಳೇ ಒಡೆದಿದ್ದವು. 17ನೇ ಸ್ಟ್ರೀಟ್ ಕೆನಾಲ್ ಮತ್ತು ಲಂಡನ್ ಅವೆನ್ಯೂ ಕೆನಾಲ್ ಗೋಡೆಗಳಂತೂ ನೀರು ತುದಿ ಮುಟ್ಟುವ ಮೊದಲೇ ಬಿದ್ದವು. ಅಡಿಯ ಮಣ್ಣು ಮೆತ್ತಗಿತ್ತು, ವಿನ್ಯಾಸದಲ್ಲಿ ಅದರ ಲೆಕ್ಕ ತಪ್ಪಿತ್ತು. 2006ರಲ್ಲಿ ಸೇನೆಯ ಎಂಜಿನಿಯರಿಂಗ್ ವಿಭಾಗ ಇದನ್ನು ಒಪ್ಪಿಕೊಂಡಿತು. ನೀವು ಸಿವಿಲ್ ಓದುತ್ತಿದ್ದರೆ ಈ ಎರಡು ಗೋಡೆಗಳ ತನಿಖಾ ವರದಿಯನ್ನು ತಪ್ಪದೆ ಓದಿ. ಮಣ್ಣಿನ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಅಂತ ಅಲ್ಲಿ ಕಾಣುತ್ತದೆ.

ಪ್ರಶ್ನೆ: ಈಗ ಆ ಊರು ಸುರಕ್ಷಿತವೇ? ಮಗ ಎಲ್ಲಿ ಮನೆ ಮಾಡಬೇಕು?
– ಮೈಸೂರಿನ ಅದೇ ಓದುಗರು

ಉತ್ತರ: 2005ಕ್ಕಿಂತ ಬಹಳ ಸುರಕ್ಷಿತ. ಸುಮಾರು 1,450 ಕೋಟಿ ಡಾಲರ್ ಖರ್ಚು ಮಾಡಿ ಏರಿ, ಗೇಟು, ಪಂಪ್‌ಗಳನ್ನು ಹೊಸದಾಗಿ ಕಟ್ಟಿದ್ದಾರೆ. ಬೋರ್ನ್ ಸರೋವರದ ಕಡೆ ಸುಮಾರು 3 ಕಿಲೋಮೀಟರ್ ಉದ್ದದ, 26 ಅಡಿ ಎತ್ತರದ ತಡೆಗೋಡೆ ಇದೆ. ರೀಟಾ ನೀರು ಬಂದ ದಾರಿಯನ್ನೇ ಅದು ಮುಚ್ಚುತ್ತದೆ. ಕೊಲ್ಲಿಯಿಂದ ಉಪ್ಪು ನೀರು ತಂದು ಜವುಗು ಕಾಡನ್ನು ಕೊಂದಿದ್ದ ಇನ್ನೊಂದು ಹಡಗು ಕಾಲುವೆಗೂ 2009ರಲ್ಲಿ ಕಲ್ಲಿನ ಅಡ್ಡಗಟ್ಟೆ ಹಾಕಿದರು. 2021ರ ಆಗಸ್ಟ್ 29ರಂದು, ಕತ್ರಿನಾ ಬಂದ ತಾರೀಖಿಗೇ, ಐಡಾ ಚಂಡಮಾರುತ ಬಂತು. ಊರಿನ ಏರಿಗಳು ನಿಂತವು.

ಆದರೆ ಎರಡು ವಿಷಯ ತಿಳಿದಿರಲಿ. ಈ ವ್ಯವಸ್ಥೆಯನ್ನು "100 ವರ್ಷದ ಪ್ರವಾಹ"ಕ್ಕೆ ಕಟ್ಟಿದ್ದು. ನೂರು ವರ್ಷಕ್ಕೆ ಒಂದೇ ಸಲ ಬರುತ್ತದೆ ಅಂತ ಇದರ ಅರ್ಥವಲ್ಲ, ಪ್ರತಿ ವರ್ಷವೂ ಶೇ 1ರಷ್ಟು ಸಾಧ್ಯತೆ ಇದೆ ಅಂತ. 30 ವರ್ಷದ ಗೃಹಸಾಲದ ಅವಧಿಗೆ ಲೆಕ್ಕ ಹಾಕಿದರೆ ಅದು ಸುಮಾರು ಶೇ 26 ಆಗುತ್ತದೆ. ಇನ್ನೊಂದು, ಚಂಡಮಾರುತ ಇಲ್ಲದೆಯೂ ಬೀದಿ ತುಂಬುತ್ತದೆ. 2017ರ ಆಗಸ್ಟ್ 5ರಂದು ಬರೀ ಮಳೆಗೇ ಊರು ಮುಳುಗಿತು, ಹಲವು ಪಂಪ್‌ಗಳು ಕೆಟ್ಟು ನಿಂತಿದ್ದವು.

ಹಾಗಾಗಿ ಮಗನಿಗೆ ಹೇಳಿ: ನದಿಗೆ ಹತ್ತಿರ, ಎತ್ತರದ ಕಡೆ, ಮೇಲಿನ ಮಹಡಿಯಲ್ಲಿ ಮನೆ ನೋಡಲಿ. ಬಾಡಿಗೆ ಮನೆಯಾದರೂ ಪ್ರವಾಹ ವಿಮೆ ಬೇರೆಯಾಗಿ ಮಾಡಿಸಲಿ. ಮಾಮೂಲಿ ವಿಮೆಯಲ್ಲಿ ಸಾಮಾನ್ಯವಾಗಿ ಅದು ಸೇರಿರುವುದಿಲ್ಲ. ಹೊಸ ಪಾಲಿಸಿ ಜಾರಿಗೆ ಬರಲು ಸರ್ಕಾರಿ ಯೋಜನೆಯಲ್ಲಿ ಸಾಮಾನ್ಯವಾಗಿ 30 ದಿನ ಕಾಯಬೇಕು. ಚಂಡಮಾರುತದ ಸುದ್ದಿ ಬಂದ ಮೇಲೆ ಓಡಾಡಿದರೆ ಉಪಯೋಗವಿಲ್ಲ.

ಊರು ಬಿಡಿ ಅಂದಾಗ ಬೇಗ ಹೊರಡಲಿ. ರೀಟಾಗೆ ಹೆದರಿ ಹ್ಯೂಸ್ಟನ್ ಸುತ್ತಮುತ್ತ ಲಕ್ಷಾಂತರ ಜನ ಒಟ್ಟಿಗೆ ರಸ್ತೆಗೆ ಇಳಿದರು. ಬಿಸಿಲಿನಲ್ಲಿ ಗಂಟೆಗಟ್ಟಲೆ ಸಿಕ್ಕಿಹಾಕಿಕೊಂಡರು. ಡಲ್ಲಾಸ್ ಹತ್ತಿರ ಬಸ್ಸಿಗೆ ಬೆಂಕಿ ಬಿದ್ದು 23 ವೃದ್ಧರು ಸತ್ತರು. ಚಂಡಮಾರುತದ ನೇರ ಹೊಡೆತಕ್ಕಿಂತ ಆ ಪ್ರಯಾಣದಲ್ಲೇ ಸತ್ತವರು ಜಾಸ್ತಿ. ಐಡಾ ಸಮಯದಲ್ಲಿ ಊರಿಗೆ ಊರೇ ಕರೆಂಟ್ ಕಳೆದುಕೊಂಡಿತು. ಆಗ ಸೆಖೆಗೆ, ಜನರೇಟರ್ ಹೊಗೆಗೆ ಜನ ಪ್ರಾಣ ಬಿಟ್ಟರು. ಉಳಿದುಕೊಳ್ಳಲೇಬೇಕಾಗಿ ಬಂದರೆ ಕುಡಿಯುವ ನೀರು, ಔಷಧಿ, ಬ್ಯಾಟರಿ ಇಟ್ಟುಕೊಳ್ಳಲಿ. ಜನರೇಟರ್ ಇದ್ದರೆ ಮನೆಯೊಳಗೆ ಮಾತ್ರವಲ್ಲ, ಕಿಟಕಿ ಬಾಗಿಲ ಹತ್ತಿರವೂ ಓಡಿಸಬಾರದು.