ಆಂಟೆನಾ ನೀರಿನ ಮೇಲೇಕೆ?
ಬಾಹ್ಯಾಕಾಶದ ರೇಡಿಯೊ ಅಲೆಗಳನ್ನು ಅಳೆಯುವ ಸರಸ್-3 ದೂರದರ್ಶಕದ ಆಂಟೆನಾವನ್ನು ಬೆಟ್ಟದ ಮೇಲಿಡದೆ ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟಿದ್ದೇಕೆ ಎಂದು ಕೇಳಿದ್ದೀರಿ. ತೊಡಕು ನೆಲದ್ದೇ. ಮಣ್ಣು, ಬಂಡೆ, ತೇವ ಪದರಪದರವಾಗಿರುವುದರಿಂದ ನೆಲ ಹೊಮ್ಮಿಸುವ, ಪ್ರತಿಫಲಿಸುವ ರೇಡಿಯೊ ಅಲೆಗಳನ್ನು ನಿಖರವಾಗಿ ಲೆಕ್ಕಹಾಕಿ ಕಳೆಯುವುದು ಬಹಳ ಕಷ್ಟ. ನೀರು ಏಕರೂಪ, ಹಾಗಾಗಿ ಅದರ ಪಾಲು ಲೆಕ್ಕಕ್ಕೆ ಸಿಗುತ್ತದೆ.

ಇಷ್ಟು ಎಚ್ಚರ ಏಕೆಂದರೆ, ಹುಡುಕುತ್ತಿದ್ದುದು ಮೊದಲ ನಕ್ಷತ್ರಗಳ ಕಾಲದ ಹೈಡ್ರೋಜನ್ ಗುರುತು. ಹೈಡ್ರೋಜನ್‌ನ 21 ಸೆಂ.ಮೀ. ಉದ್ದದ ರೇಡಿಯೊ ಅಲೆ ವಿಶ್ವ ಹಿಗ್ಗಿದಂತೆ ಹಿಗ್ಗಿ, ಕೆಲವು ಮೀಟರ್ ಉದ್ದವಾಗಿ ನಮ್ಮನ್ನು ತಲುಪುತ್ತದೆ. ನಮ್ಮ ಗ್ಯಾಲಕ್ಸಿಯ ಗದ್ದಲ ಅದಕ್ಕಿಂತ ಸಾವಿರಾರು ಪಟ್ಟು ಜೋರು.

2018ರಲ್ಲಿ, ಆಸ್ಟ್ರೇಲಿಯಾದಲ್ಲಿದ್ದ ಎಡ್ಜಸ್ ಉಪಕರಣಕ್ಕೆ 78 ಮೆಗಾಹರ್ಟ್ಸ್ ಬಳಿ ಆ ಗುರುತು ಸಿಕ್ಕಿತೆಂದು ವರದಿಯಾಗಿತ್ತು. ರೇಡಿಯೊ ಅಲೆಗಳ ಬಲದಲ್ಲಿನ ತಗ್ಗಿನಂತೆ ಕಂಡ ಆ ಗುರುತು ನಿರೀಕ್ಷೆಗಿಂತ ಆಳವಾಗಿತ್ತು; ಅದನ್ನು ವಿವರಿಸಲು ಕಪ್ಪುದ್ರವ್ಯದ (ಡಾರ್ಕ್ ಮ್ಯಾಟರ್) ಹೊಸ ಸಿದ್ಧಾಂತಗಳೂ ಹುಟ್ಟಿದವು. ಸರಸ್-3 ನಡೆಸುವ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ತಂಡ ಅದರ ಅಳತೆಗಳಿಂದ 2022ರಲ್ಲಿ ಆ ಸಂಕೇತವನ್ನು ಶೇ 95.3 ವಿಶ್ವಾಸಮಟ್ಟದಲ್ಲಿ ತಳ್ಳಿಹಾಕಿತು. ನನ್ನ ದೃಷ್ಟಿಯಲ್ಲಿ ಈ ‘ಇಲ್ಲ’ ದೊಡ್ಡ ಸಾಧನೆ.